ತುದಿ ಸವೆದ ತಿರುಪುಳಿ

ಕಳೆದ ಮಳೆಗಾಲದ ಒಂದು ಭಾನುವಾರ, ಪುಣೆಯ ವಾಕಡ್‌ನಲ್ಲಿರುವ ನಮ್ಮ ಸೊಸೈಟಿಯ ಪಾರ್ಕಿಂಗ್ ಜಾಗದಲ್ಲಿ ಕೂತು ನಾನು ಒಂದು ಸ್ಕ್ರೂವಿನ ತಲೆ ಹಾಳು ಮಾಡಿದೆ. ಅಪ್ಪನ ಹೀರೋ ಹೋಂಡಾ ಸಿಡಿ100 ಗಾಡಿಯ ಕಾರ್ಬ್ಯುರೇಟರಿನ ಸ್ಕ್ರೂ ಅದು. ಗಾಡಿ 1991ರದು. ದಾವಣಗೆರೆಯ ಮನೆ ಖಾಲಿ ಮಾಡಿ ಅಪ್ಪನನ್ನು ಇಲ್ಲಿಗೆ ಕರೆತಂದಾಗ ಅವರು ಹಾಕಿದ ಒಂದೇ ಒಂದು ಷರತ್ತು, ಗಾಡಿಯೂ ಬರಬೇಕು ಅನ್ನುವುದು. ಕರ್ನಾಟಕದ ನಂಬರಿನ ಹಳೇ ಗಾಡಿಗೆ ಮಹಾರಾಷ್ಟ್ರದಲ್ಲಿ ಕಾಗದಪತ್ರ ಮಾಡಿಸಿದ ಪುರಾಣ ಬರೆಯಲು ಹೊರಟರೆ ಬೇರೆ ಸಂಚಿಕೆಯೇ ಬೇಕಾದೀತು, ಬಿಡಿ.

ಪೆಟ್ರೋಲ್ ಸೋರುತ್ತಿತ್ತು. ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ಒಳಗೆ ಕಸ ಸೇರಿದೆಯಾ ನೋಡಬೇಕಿತ್ತು. ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು. ಮೂವತ್ತು ವರ್ಷ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಈಗ ಕೈ ನಡುಗುತ್ತದೆ, ಸಣ್ಣ ಸ್ಕ್ರೂ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಕೈ ನನ್ನದು, ಕಣ್ಣು ಅವರದು ಅನ್ನುವ ಒಪ್ಪಂದ. ಮೊದಲ ಸ್ಕ್ರೂ ಬಂತು. ಎರಡನೆಯದಕ್ಕೆ ನನ್ನ ಹೊಳೆಯುವ ಹೊಸ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದ್ದೇ ಟಕ್ ಎಂದು ಹಾರಿತು. ಇನ್ನೊಮ್ಮೆ ಜೋರಾಗಿ ತಿರುಗಿಸಿದೆ, ಇನ್ನೊಮ್ಮೆ ಹಾರಿತು. ನಾಲ್ಕನೇ ಸಲಕ್ಕೆ ಪ್ಲಸ್ ಗುರುತು ಹೋಗಿ ಅಲ್ಲೊಂದು ಹೊಳೆಯುವ ಗುಂಡು ಕುಳಿ ಉಳಿಯಿತು.

"ಏನು ಹಾಕಿ ತಿರುವಿದಿ?" ಅಂದರು ಅಪ್ಪ.

"ಪ್ಲಸ್ಸು, ನಂಬರ್ ಎರಡು. ಹೊಸದು ಅಪ್ಪಾಜಿ."

"ನಂದು ಎಲ್ಲೈತಿ?"

ಅವರದ್ದು ಎಂದರೆ ಖಾಕಿ ಬಟ್ಟೆಯ ಸುರುಳಿಯಲ್ಲಿ ಸಾಲಾಗಿ ಸಿಕ್ಕಿಸಿಟ್ಟಿದ್ದ ಏಳು ಸ್ಕ್ರೂಡ್ರೈವರುಗಳು. ಮನೆ ಖಾಲಿ ಮಾಡುವಾಗ ಅವನ್ನು ವಿಂಗಡಿಸಿದ್ದು ನಾನೇ. ತುದಿ ಚೂಪಾಗಿದ್ದವನ್ನು ಇಟ್ಟುಕೊಂಡು, ಸವೆದವನ್ನು ಹಳೇ ಪಾತ್ರೆಗಳ ಜೊತೆ ಗುಜರಿಗೆ ಹಾಕಿದ್ದೆ. ಅದರಲ್ಲಿ ಹಳದಿ ಹಿಡಿಕೆಯ ಒಂದು ಪ್ಲಸ್ಸೂ ಇತ್ತು, ಮೂತಿ ಚಪ್ಪಟೆಯಾಗಿದ್ದದ್ದು. ಹೇಳಿದೆ.

"ಅದು ಸವೆದದ್ದಲ್ಲ," ಅಂದರು ಅಪ್ಪ ಸ್ವಲ್ಪ ಹೊತ್ತು ಬಿಟ್ಟು. ಆಮೇಲೆ ಚಹಾ ಕುಡಿಯಲು ಎದ್ದು ಮೇಲೆ ಹೋದರು.

ನಾನು ಎಂಟೆಕ್ ಮಾಡಿದ್ದು ಮೆಷಿನ್ ಡಿಸೈನ್‌ನಲ್ಲಿ, ಹೊಟ್ಟೆ ಹೊರೆಯುತ್ತಿರುವುದು ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ. ಓದುಗರಲ್ಲಿ ಅರ್ಧ ಜನರ ಕಥೆಯೂ ಇದೇ ಇರಬಹುದು. ಸ್ಕ್ರೂವಿನ ಥ್ರೆಡ್ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಪುಟಗಟ್ಟಲೆ ಲೆಕ್ಕ ಹಾಕಿದ್ದೇನೆ. ಸ್ಕ್ರೂವಿನ ತಲೆಯ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆ ರಾತ್ರಿ ಓದಲು ಕೂತವನು ಹದಿನೈದು ದಿನ ಬಿಡಲಿಲ್ಲ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ಕನ್ನಡದ ಪಠ್ಯಪುಸ್ತಕಗಳಲ್ಲಿ ಇದಕ್ಕೆ ತಿರುಪುಳಿ ಎಂಬ ಹೆಸರಿದೆ. ತಿರುಪು ಮತ್ತು ಉಳಿ ಸೇರಿ ಆದದ್ದು, ತಿರುಗಿಸುವ ಉಳಿ. ಫ್ರೆಂಚರದು ಟೂರ್ನವಿಸ್, ಅಂದರೆ ತಿರುಪು ತಿರುಗಿಸುವುದು. ಇಂಗ್ಲಿಷರೂ ಹಿಂದೆ ಟರ್ನ್‌ಸ್ಕ್ರೂ ಎನ್ನುತ್ತಿದ್ದರು. ನಮ್ಮ ಪದದಲ್ಲಿ ಮಾತ್ರ ಉಳಿ ಸೇರಿಕೊಂಡಿರುವುದು ನನಗೆ ಇಷ್ಟ. ನಮ್ಮ ಮನೆಗಳಲ್ಲಿ ಅದನ್ನು ಬಳಸುವುದೂ ಹಾಗೇ ತಾನೆ? ಡಬ್ಬದ ಮುಚ್ಚಳ ಎಬ್ಬಿಸಲು, ಗೋಡೆ ಕೆರೆಯಲು, ತೆಂಗಿನಕಾಯಿಯ ಕಣ್ಣು ಚುಚ್ಚಲು. ಪುಣೆಯ ಬೋಹರಿ ಆಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಗುಜರಾತಿ ಮಾತಿನ ಹಿರಿಯರೊಬ್ಬರು ನನ್ನನ್ನು "ಡಿಸ್ಮಿಸ್ ಚಾಹಿಯೇ?" ಎಂದು ಕೇಳಿದಾಗ ಒಂದು ಕ್ಷಣ ಎದೆ ಧಸಕ್ಕೆಂದಿತು. ನಮ್ಮ ಕಂಪನಿಯಲ್ಲಿ ಆ ವಾರವಷ್ಟೇ ಹನ್ನೆರಡು ಜನರನ್ನು ಮನೆಗೆ ಕಳಿಸಿದ್ದರು. ಗುಜರಾತಿಯಲ್ಲಿ ಸ್ಕ್ರೂಡ್ರೈವರಿಗೆ ಡಿಸ್ಮಿಸ್ ಎನ್ನುತ್ತಾರೆಂದು ಗೊತ್ತಾದದ್ದು ಆಗಲೇ.

ತಿರುಪುಳಿ ಹುಟ್ಟಿದ್ದು ಮರಗೆಲಸದಲ್ಲಿ ಎಂದುಕೊಂಡಿದ್ದೆ. ಹಾಗಲ್ಲವಂತೆ. ಹದಿನೈದನೇ ಶತಮಾನದ ಯುರೋಪಿನಲ್ಲಿ ತಿರುಪುಗಳು ಕಾಣಿಸಿಕೊಳ್ಳುವುದು ಯೋಧರ ಕವಚಗಳಲ್ಲಿ, ಕೋವಿಗಳಲ್ಲಿ. ಮೊಳೆ ಹೊಡೆದರೆ ಕೋವಿ ಹಾರಿಸುವಾಗಿನ ಅದುರಿಗೆ ಸಡಿಲಾಗುತ್ತದೆ; ತಿರುಪು ಸಡಿಲಾಗುವುದಿಲ್ಲ, ಬೇಕಾದಾಗ ಬಿಚ್ಚಲೂ ಬರುತ್ತದೆ. ವಾಸ್ತುಶಿಲ್ಪಿ ವಿಟೋಲ್ಡ್ ರಿಬ್ಚಿನ್ಸ್ಕಿ ಎನ್ನುವವರು 2000ದಲ್ಲಿ ತಿರುಪು ಮತ್ತು ತಿರುಪುಳಿಯ ಇತಿಹಾಸದ ಮೇಲೆಯೇ ಒಂದು ಪುಸ್ತಕ ಬರೆದರು. ಸಹಸ್ರಮಾನದ ಅತ್ಯುತ್ತಮ ಉಪಕರಣ ಯಾವುದೆಂದು ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದ್ದರು. ಅವರಿಗೆ ಏನೂ ಹೊಳೆಯದೆ ಕೂತಿದ್ದಾಗ ತಿರುಪುಳಿ ಎಂದು ಸೂಚಿಸಿದ್ದು ಅವರ ಹೆಂಡತಿ.

ಆ ಕಾಲದಲ್ಲಿ ಒಂದೊಂದು ತಿರುಪನ್ನೂ ಕೈಯಲ್ಲಿ ಅರ ಹಿಡಿದು ಉಜ್ಜಿ ಮಾಡಬೇಕಿತ್ತು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಬಿಚ್ಚಿದ ತಿರುಪನ್ನು ಅದರದೇ ತೂತಿಗೆ ಹಾಕಬೇಕು, ಪಕ್ಕದ ತೂತಿಗೆ ಅದು ಸೇರದು. ತಲೆಯ ಮೇಲೆ ಗರಗಸದಿಂದ ಎಳೆದ ಒಂದು ಗೀರು, ಅಷ್ಟೇ. ಎಲ್ಲಕ್ಕಿಂತ ಸುಲಭವಾಗಿ ಮಾಡಬಹುದಾದ ಗುರುತು ಅದು. ನಾವು ಇಂದಿಗೂ ಮೈನಸ್ ಎನ್ನುವುದು ಆ ಗೀರಿಗೇ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಜಾಬ್ ಮತ್ತು ವಿಲಿಯಂ ವ್ಯಾಟ್ ಎಂಬ ಸೋದರರು 1760ರಲ್ಲಿ ಮರದ ಸ್ಕ್ರೂ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ನಿಮಿಷಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ಸೆಕೆಂಡಿಗೆ ಇಳಿಯಿತು. ದುಡ್ಡು ಮಾತ್ರ ಅವರಿಗೆ ದಕ್ಕಲಿಲ್ಲ, ಕಾರ್ಖಾನೆ ಕೈಬದಲಾಯಿಸಿದ ಮೇಲೆ ಬಂದವರಿಗೆ ದಕ್ಕಿತು. 1800ರ ಹೊತ್ತಿಗೆ ಹೆನ್ರಿ ಮಾಡ್ಸ್‌ಲೇ ನಿಖರವಾಗಿ ಥ್ರೆಡ್ ಕೊರೆಯುವ ಲೇತ್ ಕಟ್ಟಿದ. ಅವನ ಕಾರ್ಖಾನೆಯಲ್ಲಿ ದುಡಿದ ಜೋಸೆಫ್ ವಿಟ್‌ವರ್ಥ್ 1841ರಲ್ಲಿ, ಥ್ರೆಡ್ಡಿನ ಕೋನ 55 ಡಿಗ್ರಿ ಇರಲಿ, ಇಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟು ಸುತ್ತು ಇರಲಿ ಎಂದು ಒಂದು ಪಟ್ಟಿಯನ್ನೇ ಮುಂದಿಟ್ಟ. ಇಪ್ಪತ್ತಮೂರು ವರ್ಷಗಳ ನಂತರ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿ ಅಂದ. ಆ ಐದು ಡಿಗ್ರಿಯ ಜಗಳ ಎರಡನೇ ಮಹಾಯುದ್ಧದ ಆಚೆಗೂ ಎಳೆದು, 1948ರಲ್ಲಿ ಎರಡು ದೇಶಗಳೂ ಕೆನಡಾವೂ ಕೂತು ಒಂದು ಥ್ರೆಡ್ಡಿಗೆ ಒಪ್ಪಿದವು.

ವಿಟ್‌ವರ್ಥ್ ಹೆಸರು ಹೇಳಿದಾಗ ಅಪ್ಪನ ಮುಖ ಅರಳಿತು. ಗಿರಣಿಯ ಹಳೇ ಯಂತ್ರಗಳು ಇಂಗ್ಲೆಂಡಿನಿಂದ ಬಂದವು, ಅವುಗಳ ಬೋಲ್ಟೆಲ್ಲ ವಿಟ್‌ವರ್ಥ್. ಆಮೇಲೆ ಬಂದ ಬಿಡಿಭಾಗಗಳೆಲ್ಲ ಮಿಲಿಮೀಟರಿನವು. "ಎರಡು ಸುತ್ತು ಸಲೀಸಾಗಿ ಹೋಗೋದು, ಮೂರನೇ ಸುತ್ತಿಗೆ ಕಚ್ಕೊಳ್ಳೋದು. ಕಚ್ಚಿತು ಅಂದ್ರೆ ತಿರುವಬಾರದು, ವಾಪಸ್ ತೆಗೀಬೇಕು. ಹೊಸ ಹುಡುಗ್ರು ತಿರುವಿಬಿಡೋರು," ಅಂದರು. ನನ್ನ ಕಡೆ ನೋಡಲಿಲ್ಲ.

ಥ್ರೆಡ್ ನೆಟ್ಟಗಾಯಿತು, ತಲೆ ಮಾತ್ರ ಹಾಗೇ ಉಳಿಯಿತು. ಗೀರಿನ ತಲೆಯಲ್ಲಿ ತಿರುಪುಳಿ ಪಕ್ಕಕ್ಕೆ ಜಾರುತ್ತದೆ, ಮರವನ್ನೋ ಕೈಯನ್ನೋ ಗಾಯ ಮಾಡುತ್ತದೆ. ಕೆನಡಾದ ಪೀಟರ್ ರಾಬರ್ಟ್‌ಸನ್ ಎಂಬ ಮಾರಾಟಗಾರನಿಗೂ ಹಾಗೇ ಆಯಿತಂತೆ. ಮಾಂಟ್ರಿಯಲ್ ನಗರದ ಬೀದಿಯಲ್ಲಿ ಗಿರಾಕಿಗಳೆದುರು ಸ್ಪ್ರಿಂಗ್ ತಿರುಪುಳಿಯ ಕರಾಮತ್ತು ತೋರಿಸುವಾಗ ಅದು ಜಾರಿ ಕೈ ಕೊಯ್ದುಕೊಂಡ. ಅವನು ಮಾಡಿದ ಪರಿಹಾರ ತಲೆಯಲ್ಲಿ ಚೌಕ ಕುಳಿ. ಚೌಕದ ಗೋಡೆಗಳಿಗೆ ಸ್ವಲ್ಪವೇ ಇಳಿಜಾರು, ಹಾಗಾಗಿ ತಿರುಪು ಬಿಟ್‌ಗೆ ಅಂಟಿಕೊಂಡಂತೆ ನಿಲ್ಲುತ್ತದೆ, ಒಂದೇ ಕೈಯಲ್ಲಿ ಕೆಲಸ ಮಾಡಬಹುದು. 1909ರಲ್ಲಿ ಪೇಟೆಂಟ್ ಸಿಕ್ಕಿತು, ಒಂಟಾರಿಯೋದ ಮಿಲ್ಟನ್ ಊರಿನಲ್ಲಿ ಕಾರ್ಖಾನೆ ಎದ್ದಿತು. ಫೋರ್ಡ್ ಕಂಪನಿಯ ಕೆನಡಾ ಶಾಖೆ ಮಾಡೆಲ್ ಟಿ ಕಾರುಗಳಿಗೆ ಅದನ್ನು ಬಳಸಿ ಸಮಯ ಉಳಿಸಿತು. ಹೆನ್ರಿ ಫೋರ್ಡ್ ಆ ತಿರುಪಿನ ಮೇಲೆ ತನಗೂ ಹಕ್ಕು ಬೇಕೆಂದ. ಅಷ್ಟರಲ್ಲಿ ಇಂಗ್ಲೆಂಡಿನವರಿಗೆ ಲೈಸೆನ್ಸ್ ಕೊಟ್ಟು ಕೈ ಸುಟ್ಟುಕೊಂಡಿದ್ದ ರಾಬರ್ಟ್‌ಸನ್ ಒಪ್ಪಲಿಲ್ಲ. ಕೆನಡಾದ ಮರಗೆಲಸದವರು ಇವತ್ತಿಗೂ ಚೌಕ ತಿರುಪೇ ಬೇಕು ಅನ್ನುತ್ತಾರೆ. ಟೊರಾಂಟೋದಲ್ಲಿರುವ ನನ್ನ ಸಹಪಾಠಿಯ ಮನೆಯ ಡ್ರಾಯರಿನಲ್ಲಿ ಹಸಿರು, ಕೆಂಪು ಹಿಡಿಕೆಯವು ಬಿದ್ದಿವೆ. ಹಿಡಿಕೆಯ ಬಣ್ಣವೇ ಅಳತೆ. ಉಳಿದ ಜಗತ್ತು ಅದನ್ನು ಹೆಚ್ಚು ನೋಡಲೇ ಇಲ್ಲ.

ಅಮೆರಿಕದ ಪೋರ್ಟ್‌ಲೆಂಡಿನ ಹೆನ್ರಿ ಫಿಲಿಪ್ಸ್ ಇದಕ್ಕೆ ತದ್ವಿರುದ್ಧ. ಪ್ಲಸ್ ಆಕಾರದ ಕುಳಿಯ ಮೂಲ ಕಲ್ಪನೆ ಜಾನ್ ಥಾಂಪ್ಸನ್ ಎಂಬವನದು. ಫಿಲಿಪ್ಸ್ ಅದನ್ನು ಕೊಂಡು, ತಿದ್ದಿ, 1936ರಲ್ಲಿ ಪೇಟೆಂಟುಗಳನ್ನು ಪಡೆದ. ಸ್ವಂತ ಕಾರ್ಖಾನೆ ಕಟ್ಟುವ ಉಸಾಬರಿಗೆ ಹೋಗದೆ ಲೈಸೆನ್ಸ್ ಕೊಡುವುದನ್ನೇ ವ್ಯಾಪಾರ ಮಾಡಿಕೊಂಡ. ಅಮೆರಿಕನ್ ಸ್ಕ್ರೂ ಕಂಪನಿ ಮೊದಲು ತಯಾರಿಸಿತು, ಜನರಲ್ ಮೋಟರ್ಸ್ ಕ್ಯಾಡಿಲಾಕ್ ಕಾರಿನಲ್ಲಿ ಬಳಸಿತು, ನಾಲ್ಕೈದು ವರ್ಷಗಳಲ್ಲಿ ಅಮೆರಿಕದ ಕಾರುಗಳಲ್ಲೆಲ್ಲ ಪ್ಲಸ್ಸೇ ಪ್ಲಸ್ಸು. ಕಾರ್ಖಾನೆಯ ಸಾಲಿನಲ್ಲಿ ವಿದ್ಯುತ್ ತಿರುಪುಳಿ ಹಿಡಿದವನು ಕಣ್ಣಿಟ್ಟು ನೋಡಬೇಕಿಲ್ಲ, ತುದಿ ತಾನಾಗಿಯೇ ನಡುವಿಗೆ ಬಂದು ಕೂರುತ್ತದೆ. ಇದು ಅದರ ದೊಡ್ಡ ಗುಣ. ದೋಷ ನಾನು ಪಾರ್ಕಿಂಗಿನಲ್ಲಿ ಕಂಡದ್ದು: ಗೋಡೆಗಳು ಇಳಿಜಾರಾಗಿರುವುದರಿಂದ ಬಲ ಹೆಚ್ಚಾದರೆ ತುದಿ ಮೇಲಕ್ಕೇರಿ ಹೊರಗೆ ಹಾರುತ್ತದೆ. ತಿರುಪು ಅತಿಯಾಗಿ ಬಿಗಿಯದಿರಲಿ ಎಂದು ಬೇಕೆಂದೇ ಹಾಗೆ ಮಾಡಿದ್ದು ಅನ್ನುವ ಮಾತು ಎಂಜಿನಿಯರುಗಳ ನಡುವೆ ಬಹಳ ಓಡುತ್ತದೆ, ನಮ್ಮ ಕಾಲೇಜಿನಲ್ಲೂ ಹಾಗೇ ಹೇಳಿದ್ದರು. 1936ರ ಪೇಟೆಂಟುಗಳಲ್ಲಿ ಆ ಮಾತಿಲ್ಲ; 1949ರ ತಿದ್ದುಪಡಿಯ ಪೇಟೆಂಟಿನಲ್ಲಿ ಬರುತ್ತದೆ. ಬಗ್ ಒಂದನ್ನು ಮುಂದಿನ ರಿಲೀಸಿನಲ್ಲಿ ಫೀಚರ್ ಎಂದು ಬರೆದುಕೊಳ್ಳುವುದು ನಮ್ಮ ಕಾಲದ ಶೋಧವೇನಲ್ಲ ಎಂದು ನಾನು ನಕ್ಕೆ.

ಚೌಕವೇ ಒಳ್ಳೆಯದಿತ್ತು, ಪ್ಲಸ್ಸೇ ಗೆದ್ದಿತು. ಹಿಂಜಾವಡಿಯಲ್ಲಿ ಕೆಲಸ ಮಾಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಮುಂದೆ ಪ್ಲಸ್ಸಿಗೆ ಒಡಹುಟ್ಟಿದವು ಬಂದವು, ನನ್ನ ಕಥೆ ಇರುವುದು ಇಲ್ಲೇ. 1960ರ ದಶಕದಲ್ಲಿ ಪೋಜಿಡ್ರಿವ್ ಬಂತು. ಪ್ಲಸ್ಸಿನ ನಾಲ್ಕು ತೋಳುಗಳ ನಡುವೆ ಸೂರ್ಯನ ಕಿರಣದಂತೆ ನಾಲ್ಕು ಸಣ್ಣ ಗೆರೆ ಕಂಡರೆ ಅದು ಪೋಜಿ. ನಿಮ್ಮ ಮಾಡ್ಯುಲರ್ ಕಿಚನ್ನಿನ ಬಾಗಿಲ ಕೀಲುಗಳನ್ನು ಒಮ್ಮೆ ನೋಡಿ, ಬಹಳಷ್ಟರಲ್ಲಿ ಅದೇ ಇರುತ್ತದೆ. ಅದರ ಗೋಡೆಗಳು ಹೆಚ್ಚು ನೆಟ್ಟಗಿವೆ, ಪಿಎಚ್ ಎಂದು ಬರೆದ ಸಾಮಾನ್ಯ ಪ್ಲಸ್ ಅದರಲ್ಲಿ ಅಲ್ಲಾಡುತ್ತದೆ. ಪಿಝಡ್ ಎಂದು ಬರೆದದ್ದೇ ಬೇಕು. ಇನ್ನೊಂದು ಜಪಾನಿನದು. ಜಪಾನಿನ ಮಾನಕದ ಪ್ಲಸ್ ಕಣ್ಣಿಗೆ ಫಿಲಿಪ್ಸ್‌ನಂತೆಯೇ ಕಾಣುತ್ತದೆ. ಕುಳಿಯ ತಳದ ಆಕಾರ ಮಾತ್ರ ಬೇರೆ. ಫಿಲಿಪ್ಸ್ ತಿರುಪುಳಿಯ ಮೂತಿ ಮೊದಲೇ ತಳಕ್ಕೆ ತಾಗಿಬಿಡುತ್ತದೆ, ತೋಳುಗಳು ಪೂರ್ತಿ ಕೂರುವುದಿಲ್ಲ, ಮೇಲೇ ತೇಲುತ್ತಿರುತ್ತವೆ. ತಿರುಗಿಸಿದರೆ ಹಾರುತ್ತದೆ, ಹಾರುವಾಗ ಲೋಹವನ್ನೂ ಕೆರೆದುಕೊಂಡು ಹೋಗುತ್ತದೆ. ಕೆಲವು ಜಪಾನಿ ಸ್ಕ್ರೂಗಳ ತಲೆಯ ಮೇಲೆ ಗುರುತಿಗಾಗಿ ಸಣ್ಣ ಚುಕ್ಕಿ ಇರುತ್ತದೆ.

ನಮ್ಮಲ್ಲಿ 1980ರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆಗೂಡಿ ಮಾಡಿದ ಗಾಡಿಗಳು ಬಂದವಲ್ಲ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್100, ಸುಜುಕಿಗಳು? ಜಪಾನಿನ ಪ್ಲಸ್ಸೂ ಅವುಗಳ ಜೊತೆ ಬಂತು. ಊರೂರ ಮೆಕ್ಯಾನಿಕ್ಕುಗಳ ಕೈಯಲ್ಲಿ ಇದ್ದದ್ದು ಫಿಲಿಪ್ಸ್. "ಈ ಗಾಡಿ ಸ್ಕ್ರೂ ಮೆತ್ತಗೆ, ಲಗೂನ ಹೋಗ್ತಾವ" ಎಂದು ಎಷ್ಟು ಗ್ಯಾರೇಜಿನಲ್ಲಿ ಕೇಳಿಲ್ಲ ನಾವು! ಚುಕ್ಕಿ ಇದೆಯಾ ಎಂದು ನೋಡಲು ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಪಾರ್ಕಿಂಗಿಗೆ ಇಳಿದೆ. ನಾನು ಕೆಡಿಸಿದ ಸ್ಕ್ರೂವಿನ ಮೇಲೆ ನೋಡಲು ಏನೂ ಉಳಿದಿರಲಿಲ್ಲ. ಬಿಚ್ಚಿ ತಟ್ಟೆಯಲ್ಲಿಟ್ಟಿದ್ದ ಮೊದಲನೆಯದರ ಮೇಲೆ ಚುಕ್ಕಿ ಇತ್ತು.

ಮರುದಿನ ಬೆಳಿಗ್ಗೆ ಕೇಳಿದೆ: "ಅಪ್ಪಾಜಿ, ಆ ಹಳದಿ ಹಿಡಿಕೇದು... ಮೂತಿ ನೀವೇ ತಿಕ್ಕಿದ್ರಾ?"

"ಮತ್ತಿನ್ನೇನು? ಕಲ್ಲಿಗೆ ಹಿಡಿದು ಒಂಚೂರು ತೆಗೆದಿದ್ದೆ. ಕೆಳಗೆ ತಾಗ್ತಿತ್ತು ಅದು, ಕೂರ್ತಾ ಇರಲಿಲ್ಲ. ಆ ಗಾಡಿಗೆ ಅಂತಲೇ ಮಾಡ್ಕೊಂಡಿದ್ದು."

ಜಪಾನಿನ ಮಾನಕ, ಪೇಟೆಂಟ್, ಯಾವುದೂ ಗೊತ್ತಿಲ್ಲದ ಮನುಷ್ಯ. ಹೊಸ ಗಾಡಿಯ ಮೊದಲ ಸ್ಕ್ರೂ ಬಿಚ್ಚುವಾಗಲೇ ಬೆರಳಿಗೆ ಗೊತ್ತಾಗಿತ್ತು, ತಳ ತಾಗುತ್ತಿದೆ ಎಂದು. ಊರಿನಲ್ಲಿ ವಾಚ್ ರಿಪೇರಿ ಮಾಡುವವರು ಎಚ್‌ಎಂಟಿ ವಾಚು ಬಿಚ್ಚುವ ಮುಂಚೆ ಸಣ್ಣ ತಿರುಪುಳಿಯನ್ನು ಎಣ್ಣೆಕಲ್ಲಿನ ಮೇಲೆ ಎರಡು ಸಲ ಎಳೆಯುವುದನ್ನು ನೋಡಿದ್ದೆ. ಗೀರಿಗೆ ತಕ್ಕ ಹಾಗೆ ತುದಿಯನ್ನು ಮಾಡಿಕೊಳ್ಳುತ್ತಿದ್ದರು ಅವರು. ಅಪ್ಪನ ತಿರುಪುಳಿಯನ್ನು ಕಂಡಾಗ ಮಾತ್ರ ನನ್ನ ಕಣ್ಣಿಗೆ ಸವೆತವೇ ಕಂಡಿತು. ಮುವ್ವತ್ತು ವರ್ಷ ಆ ಗಾಡಿಯ ಒಂದು ಸ್ಕ್ರೂವಿನ ತಲೆಯೂ ಹೋಗಿರಲಿಲ್ಲ, ಅದನ್ನೂ ನಾನು ಗಮನಿಸಿರಲಿಲ್ಲ.

ಇಷ್ಟು ಓದಿದವರು ಹಾಗಾದರೆ ಯಾವುದು ಕೊಳ್ಳಬೇಕು ಎಂದು ಕೇಳಿಯೇ ಕೇಳುತ್ತೀರಿ. ನಾನು ಕಂಡುಕೊಂಡದ್ದು ಹೇಳುತ್ತೇನೆ. ಮೂವತ್ತೆರಡು ಬಿಟ್‌ಗಳ ಪೆಟ್ಟಿಗೆ ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ ಬರುತ್ತದೆ, ಮೃದುವಾದ ಉಕ್ಕು, ಎರಡನೇ ಸ್ಕ್ರೂವಿಗೇ ಅಂಚು ಉರುಟಾಗುತ್ತದೆ. ಅದರ ಬದಲು ನಾಲ್ಕೇ ನಾಲ್ಕು ಕೊಳ್ಳಿ: ಪಿಎಚ್1, ಪಿಎಚ್2, ಮೈನಸ್ಸಿನಲ್ಲಿ ಒಂದು ಅಗಲ ಒಂದು ಕಿರಿದು. ನಾಸಿಕ್‌ನ ತಾಪಡಿಯಾ 1969ರಿಂದ ಕೈಉಪಕರಣ ಮಾಡುತ್ತಿದೆ, ಅಪ್ಪನ ಸುರುಳಿಯಲ್ಲಿ ಉಳಿದವುಗಳಲ್ಲಿ ಮೂರು ಅದರವೇ, ಇನ್ನೂ ಗಟ್ಟಿಯಾಗಿವೆ. ಮೈನಸ್ ತುದಿ ಗೀರಿನ ಉದ್ದವನ್ನೂ ದಪ್ಪವನ್ನೂ ತುಂಬಬೇಕು. ಅಲ್ಲಾಡಿದರೆ ಅದು ಆ ಸ್ಕ್ರೂವಿನದಲ್ಲ. ಉದ್ದದ ತಿರುಪುಳಿಗೆ ಬಲ ಹೆಚ್ಚು ಎನ್ನುವುದು ತಪ್ಪು, ಬಲ ಬರುವುದು ಹಿಡಿಕೆಯ ದಪ್ಪದಿಂದ. ವೈರಿಂಗ್ ಕೆಲಸಕ್ಕೆ 1000 ವೋಲ್ಟ್ ಎಂದು ಅಚ್ಚು ಹಾಕಿದ, ತುದಿಯವರೆಗೂ ಪ್ಲಾಸ್ಟಿಕ್ ಹೊದಿಸಿದ್ದು ಬೇಕು, ಆದರೂ ಮೊದಲು ಮೇನ್ ಆಫ್ ಮಾಡಿ. ಬಾಡಿಗೆ ಮನೆಗಳಲ್ಲಿರುವ ನಮ್ಮಂಥವರ ಏಕೈಕ ಆಯುಧವಾದ ಟೆಸ್ಟರನ್ನು ದಯವಿಟ್ಟು ಸ್ಕ್ರೂ ತಿರುಗಿಸಲು ಬಳಸಬೇಡಿ. ಅದರೊಳಗಿನ ಸಣ್ಣ ದೀಪ ಉರಿಯುವುದು ನಿಮ್ಮ ಮೈ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ. ಆ ಕರೆಂಟನ್ನು ಸಣ್ಣದಾಗಿಡುವ ರೆಸಿಸ್ಟರ್ ಇರುವುದು ನೀವು ತಿರುಚುವ ಅದೇ ಹಿಡಿಕೆಯೊಳಗೆ. ಬಡಗಿಗಳು ಸ್ಕ್ರೂವನ್ನು ಸುತ್ತಿಗೆಯಿಂದ ಮುಕ್ಕಾಲು ಹೊಡೆದು ಕೊನೆಯ ಎರಡು ಸುತ್ತು ಮಾತ್ರ ತಿರುಗಿಸುವುದನ್ನು ಕಂಡರೆ ಜಗಳಕ್ಕೆ ನಿಲ್ಲಿ. ಹಾಗೆ ಹೊಡೆದ ಕೀಲು ಮರದ ನಾರನ್ನು ಹರಿದಿರುತ್ತದೆ, ಎರಡು ವರ್ಷಕ್ಕೆ ಬಾಗಿಲು ಜೋತುಬೀಳುತ್ತದೆ. ಬೈರಿಗೆಯಿಂದ ಸಣ್ಣ ತೂತು ಹಾಕಿ, ಸ್ಕ್ರೂವಿಗೆ ಸ್ವಲ್ಪ ಸೋಪು ಸವರಿ ತಿರುಗಿಸಿದರೆ ಮಕ್ಕಳೂ ಹಾಕಬಹುದು.

ಲ್ಯಾಪ್‌ಟಾಪಿನ ಆರು ಮೂಲೆಯ ಟಾರ್ಕ್ಸ್, ಆಪಲ್‌ನವರು 2009ರಲ್ಲಿ ತಂದ ಐದು ಎಸಳಿನ ಪೆಂಟಲೋಬ್, ಇವುಗಳ ಮಾತು ಬೇರೆ. ಟಾರ್ಕ್ಸ್ ಬಂದದ್ದು ಜಾರದಿರಲಿ ಎಂದು. ಪೆಂಟಲೋಬ್ ತಿರುಪುಳಿ ಅಂಗಡಿಯಲ್ಲಿ ಸಿಗದ ಕಾಲದಲ್ಲಿ ಬಂದದ್ದರಿಂದ ಕೊಂಡವರೇ ಬಿಚ್ಚಲಾಗದ ಸ್ಥಿತಿ ಆಯಿತು. ಕೋವಿಯ ಕಾಲದಲ್ಲಿ ಬಿಚ್ಚಲು ಬರುತ್ತದೆ ಎಂದೇ ತಿರುಪು ಬೇಕಾಗಿತ್ತು ಎನ್ನುವುದು ನೆನಪಾಗಿ ನನಗೆ ಸ್ವಲ್ಪ ಸಿಟ್ಟೇ ಬಂತು.

ಮುಂದಿನ ಭಾನುವಾರ ಹೊಸ ಪಿಎಚ್2 ಒಂದನ್ನು ತಂದೆ. ಜಪಾನಿ ಮಾನಕದ್ದೇ ತರಿಸಬಹುದಿತ್ತು, ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಅಪ್ಪ ಬೇಡ ಅಂದರು. ಸೊಸೈಟಿಯ ಪ್ಲಂಬರನ ಗ್ರೈಂಡರ್ ಎರವಲು ತಂದು, ಅವರು ಹೇಳಿದ ಕೋನದಲ್ಲಿ ಹಿಡಿದೆ. "ಬಿಸಿ ಮಾಡಬ್ಯಾಡ, ನೀಲಿ ಆದ್ರೆ ಹದ ಹೋಗ್ತದೆ. ನೀರಾಗೆ ಅದ್ದು." ಅದ್ದಿದೆ. ಎರಡು ಸಲ ಉಜ್ಜಿ, ತಟ್ಟೆಯಲ್ಲಿದ್ದ ಚುಕ್ಕಿಯ ಸ್ಕ್ರೂವಿನಲ್ಲಿ ಕೂರಿಸಿ ನೋಡಿ, ಮತ್ತೊಮ್ಮೆ ಉಜ್ಜಿದೆ. ನಾಲ್ಕನೇ ಸಲಕ್ಕೆ ಕೂತಿತು. ಸ್ಕ್ರೂ ಕೆಳಮುಖವಾಗಿ ಹಿಡಿದರೂ ಬೀಳಲಿಲ್ಲ.

ತಲೆ ಕೆಟ್ಟ ಸ್ಕ್ರೂವಿಗೆ ಅದೂ ಸಾಲದು. ಅದರ ಸುತ್ತ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟಿದ್ದೆವು. ತಿರುಪುಳಿ ಇಟ್ಟು ಹಿಡಿಕೆಯ ಹಿಂದೆ ಸುತ್ತಿಗೆಯಿಂದ ಎರಡು ಮೆಲ್ಲನೆಯ ಪೆಟ್ಟು. ಲೋಹ ಒಳಗೆ ಕಚ್ಚಿತು. "ಈಗ ಒತ್ತು. ತಿರುವೋದು ಆಮೇಲೆ, ಮೊದ್ಲು ಒತ್ತು," ಅಂದವರು ಕುರ್ಚಿಯಿಂದ ಬಗ್ಗಿ ತಮ್ಮ ನಡುಗುವ ಅಂಗೈಯನ್ನು ನನ್ನ ಕೈ ಮೇಲಿಟ್ಟು ಒತ್ತಿದರು. ಒತ್ತುವಾಗ ನಡುಕ ನಿಂತಿತ್ತು. ಕಿರ್ ಎಂದು ಕಾಲು ಸುತ್ತು ತಿರುಗಿತು.

ಬಟ್ಟಲಿನಲ್ಲಿ ಒಂದು ಸಣ್ಣ ಚಮಚದಷ್ಟು ತುಕ್ಕು ಇತ್ತು. ತೊಳೆದು ಹಾಕಿದೆವು. ಹೊಸ ತಿರುಪುಳಿಯ ಹಿಡಿಕೆಗೆ ಅಪ್ಪ ಹಳದಿ ಇನ್ಸುಲೇಷನ್ ಟೇಪ್ ಸುತ್ತಿ, ಖಾಕಿ ಸುರುಳಿಯಲ್ಲಿ ಖಾಲಿ ಇದ್ದ ಜಾಗಕ್ಕೆ ಸಿಕ್ಕಿಸಿದರು.